ಕೊಯ್ದಷ್ಟೂ ಬಿಡುವ ಹೂ

ಅಕ್ಟೋಬರ್ ೨೧

ಮಗಳೇ,

ಮಾವನಿಂದ ಸೊಸೆಗೆ ದಪ್ಪ ಲಕೋಟೆ ಬಂದಿತೆಂದರೆ ಏನೋ ತಕರಾರಿರಬೇಕು ಎಂದು ನಿನ್ನ ಕೆಳಮನೆಯವರು ಲೆಕ್ಕ ಹಾಕಿಯಾರು. ತಕರಾರಲ್ಲ ಎಂದು ಹೇಳು. ತರಕಾರಿಯೂ ಅಲ್ಲ. ಹೂವಿನ ವಿಚಾರ.

ಫೋನ್ ಇಲ್ಲವೇ ಎಂದು ಕೇಳಬೇಡ. ಫೋನಿನಲ್ಲಿ ನೀನು "ಮತ್ತೆ?" ಅನ್ನುತ್ತೀ, ನಾನು "ಮತ್ತೇನಿಲ್ಲ" ಅನ್ನುತ್ತೇನೆ, ಆಮೇಲೆ ನನ್ನ ಮಗನ ಹೆಸರು ಬರುವ ಮೊದಲೇ ಇಬ್ಬರೂ ಫೋನ್ ಇಟ್ಟುಬಿಡುತ್ತೇವೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿ ಹೇಳಿ ಬೆಂಚುಗಳಿಗೂ ನಿದ್ದೆ ಬರಿಸಿದ ಬಾಯಿಗೆ ಇಂಥ ಬರ ಬಂದದ್ದನ್ನು ಹಳೆಯ ವಿದ್ಯಾರ್ಥಿಗಳು ಕಂಡರೆ ಸಿಹಿ ಹಂಚಿಯಾರು. ಕಾಗದದಲ್ಲಿ ಹಾಗಲ್ಲ. ಹಾಳೆ ತುಂಬಿಸಲೇಬೇಕು.

ನೀನು ಕೆಲಸಕ್ಕೆಂದು ಆ ಊರಿಗೆ ಹೋದ ಮೇಲೆ ಅವನ ಚೀಲ ಬಿಚ್ಚಿದೆ. ಸ್ಪ್ಯಾನರು, ಟೆಸ್ಟರು, ಗ್ರೀಸು ಮೆತ್ತಿದ ಬಟ್ಟೆ. ತಳದಲ್ಲಿ ಸ್ಕ್ರೂ ಹಾಕಿಡುವ ತಗಡಿನ ಡಬ್ಬಿ. ಅದರೊಳಗೆ ಸ್ಕ್ರೂ ಇರಲಿಲ್ಲ, ಸ್ವೀಟ್ ಪೀ ಹೂಬಳ್ಳಿಯ ಬೀಜ ಇದ್ದವು. ವರ್ಷಗಟ್ಟಲೆ ಈ ಹೂವಿನ ಪುಡಿಯನ್ನು ಆ ಹೂವಿಗೆ ಮುಟ್ಟಿಸಿ ಮುಟ್ಟಿಸಿ, ಕಡೆಗೆ ಹೋದ ಸಲ ಬರಿಸಿದ್ದನಲ್ಲ, ಬಿಳಿ ಹೂ, ನೇರಳೆ ಅಂಚು, ಹಿತ್ತಲಿಡೀ ಘಮ್ಮೆನ್ನುತ್ತಿತ್ತು, ಅದರದ್ದೇ ಬೀಜ. ಬೇರೆ ಯಾರ ಬಳಿಯೂ ಇಲ್ಲದ ಹೂ. ಲೋಕದಲ್ಲಿರುವುದು ಈ ಡಬ್ಬಿಯಷ್ಟೇ.

ಲಿಫ್ಟ್ ರಿಪೇರಿಯವನಿಗೆ ಬಳ್ಳಿಯ ಹುಚ್ಚೇಕೆ ಎಂದು ನಾನು ಚುಡಾಯಿಸಿದರೆ, "ದಿನಾ ಜನರನ್ನ ಮೇಲೆ ಹತ್ತಿಸೋದೇ ಆಯ್ತಪ್ಪ, ಸಂಜೆ ಏನಾದ್ರೂ ತಾನಾಗೇ ಹತ್ತೋದನ್ನ ನೋಡೋಣ ಅಂತ" ಅನ್ನುತ್ತಿದ್ದ. ಅಂಥವನು ಲಿಫ್ಟಿನಲ್ಲಲ್ಲ, ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತ. ಎಲ್ಲರನ್ನೂ ಮೇಲೆ ಕಳಿಸಿ ಮತ್ತೆ ಕೆಳಗೆ ತಂದವನು, ತಾನು ಮೇಲೆ ಹೋದಾಗ ಮಾತ್ರ... ಈ ವಾಕ್ಯವನ್ನು ಮುಗಿಸುವುದಿಲ್ಲ.

ಅರ್ಧ ಬೀಜ ಈ ಲಕೋಟೆಯಲ್ಲಿದೆ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆ ಉಳಿಯಲಿ. ಹೇಗೆ ಬೆಳೆಸುವುದೆಂದು ನೀನು ಹೇಳಿಕೊಡು. ಅವನ ಜೊತೆ ಮಣ್ಣಾಡಿದವಳು ನೀನು. ನಾನು ಪಕ್ಕದಲ್ಲಿ ನಿಂತು ನಗೆಯಾಡಿದವನು.

ನಿನ್ನ ಅತ್ತೆ ಅವನ ಕೋಣೆಯಲ್ಲಿ ಹಿತ್ತಲ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ. ಊಟವೇ? ಹೂಂ. ಮಾತ್ರೆಯೇ? ಹೂಂ. ಅಷ್ಟೇ ಅವಳ ಭಾಷೆ. ಆ ಹೂ ಬಿಟ್ಟರೆ ಒಮ್ಮೆ ತಿರುಗಿ ಕೂತಾಳೇನೋ ಎಂಬ ಆಸೆ. ಬೇರೆ ದಾರಿ ನನಗೆ ತೋಚಿಲ್ಲ.

ನಿನ್ನ ಮಾವ

*

ನವೆಂಬರ್ ೨

ಮಾವನವರಿಗೆ ನಮಸ್ಕಾರ.

ಬೀಜ ಬಂದವು. ಒಂದು ದಿನ ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ.

ನಿಮ್ಮ ಪಾಠ ಹೀಗೆ. ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಉಬ್ಬದೆ ಹಟ ಹಿಡಿದವಕ್ಕೆ ಮಾತ್ರ ಒಂದು ಗೀರು ಹಾಕಬೇಕು. ನೀವು ಚಾಕು ಹಿಡಿಯಬೇಡಿ, ಬೆರಳಿಗೆ ಹಾಕಿಕೊಳ್ಳುತ್ತೀರಿ. ಬೇರು ಉದ್ದಕ್ಕೆ ಇಳಿಯುತ್ತದೆ, ಕುಂಡ ಬೇಡ. ಕಾಗದ ಸುತ್ತಿ ಕೊಳವೆ ಮಾಡಿ ಮಣ್ಣು ತುಂಬಿ. ಬಟಾಣಿಯ ಹಾಗಿದೆಯೆಂದು ಬಾಯಿಗೆ ಹಾಕಬೇಡಿ, ವಿಷ.

ಹೂ ಶುರುವಾದ ಮೇಲಿನ ಮಾತು, ಇವರೇ ಹೇಳುತ್ತಿದ್ದದ್ದು: "ಕೊಯ್ದಷ್ಟೂ ಬಿಡುತ್ತೆ. ಒಂದು ಕಾಯಿ ಕಟ್ಟೋಕೆ ಬಿಟ್ಯೋ, ತನ್ನ ಕೆಲಸ ಮುಗೀತು ಅಂತ ಬಳ್ಳಿ ಕೂತುಬಿಡುತ್ತೆ." ಆದ್ದರಿಂದ ಮರೆಯದೆ ಕೊಯ್ಯಿರಿ.

ನಾನಿಲ್ಲಿ ಕನ್ನಡಕದ ಗಾಜು ಉಜ್ಜುವ ವಿಭಾಗದಲ್ಲಿದ್ದೇನೆ. ಉದ್ದನೆಯ ಕೋಣೆ, ಸಾಲಾಗಿ ಬೆಂಚು, ಎಲ್ಲರ ಮೊಣಕೈಯವರೆಗೂ ಬಿಳಿ ಕೆಸರು. ನಿನ್ನೆ ಊಟದ ಬಿಡುವಿನಲ್ಲಿ ನನ್ನ ಬೀಜಗಳಿಗೆಲ್ಲ ಸಾಣೆ ಹಿಡಿದೆ. ಪಕ್ಕದ ಬೆಂಚಿನವಳು, "ಇಷ್ಟು ಸಣ್ಣ ಗಾಜು ಯಾರಿಗೇ, ಇರುವೆಗಾ?" ಎಂದಳು. ಒಂದೊಂದೂ ಮಣಿಯ ಹಾಗೆ ಹೊಳೆಯುತ್ತಿವೆ. ನಿಮ್ಮದಕ್ಕಿಂತ ಮೊದಲು ನನ್ನದು ಮೊಳೆಯದಿದ್ದರೆ ಕೇಳಿ.

ಅತ್ತೆಗೆ ಹೇಳಿ, ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆ ಎಂದು.

ನಿಮ್ಮ ಸೊಸೆ

*

ನವೆಂಬರ್ ೨೬

ಕನ್ನಡಕಮ್ಮನವರ ಸನ್ನಿಧಾನಕ್ಕೆ,

ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೇ ಹೊಡೆದುಕೊಳ್ಳುವ ನಿನ್ನ ಮಾವನ ಕೈಯಲ್ಲಿ ಮೊಳಕೆ ಬಂದಿದೆ. ಬಿತ್ತಿದ್ದರಲ್ಲಿ ಮುಕ್ಕಾಲು ಪಾಲು ತಲೆಯೆತ್ತಿವೆ. ಕೊಳವೆ ಸುತ್ತಲು ಅಟ್ಟದಿಂದ ನನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಳಿಸಿದೆ. ನನ್ನ ಪ್ರಶ್ನೆಗಳಿಂದ ಏನಾದರೂ ಹುಟ್ಟಿದ್ದು ಇದೇ ಮೊದಲು.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೋಡೆಯ ಮೇಲಿಂದ ಇಣುಕಿ ಇದೇನೆಂದು ಕೇಳಿದರು. ಸ್ವೀಟ್ ಪೀ ಎಂದೆ. ಹಾಗಾದರೆ ಊದಿದರೆ ಸಿಹಿಯಾದ ಶಬ್ದ ಬರುತ್ತದೋ ಎಂದರು. ಅವರು ಪೀಪಿ ಎಂದು ತಿಳಿದರು; ನಾನು ತಿದ್ದಲಿಲ್ಲ.

ನಿನ್ನ ಅತ್ತೆ ಇನ್ನೂ ಗೋಡೆಯನ್ನೇ ನೋಡುತ್ತಾಳೆ. ಒಂದು ಕೊಳವೆಯನ್ನು ಒಯ್ದು ತೋರಿಸಿದೆ. ಹೂಂ.

ನಿನ್ನ ಮಣಿಗಳು ಹೇಗಿವೆ? ನನ್ನನ್ನು ಸೋಲಿಸುತ್ತೇನೆಂದವಳು ಇಷ್ಟು ದಿನ ಬೀಗದೆ ಇದ್ದದ್ದೇ ಸೋಜಿಗ.

ಮಾವ

*

ಡಿಸೆಂಬರ್ ೧೯

ಮಾವ,

ಉತ್ತರ ತಡವಾಯಿತು. ಇಲ್ಲಿ ಕೆಲಸ ಹೆಚ್ಚು, ಚಳಿಯೂ ಹೆಚ್ಚು. ಚಳಿಗೆ ಎಲ್ಲವೂ ನಿಧಾನ.

ನಿಮ್ಮ ಸಸಿ ಗೇಣುದ್ದ ಆಗುವ ಮೊದಲೇ ತುದಿಯ ಕುಡಿ ಚಿವುಟಿಬಿಡಿ. ನೋವಾಗುತ್ತದೆ, ಆದರೂ ಚಿವುಟಿ. ಆಗಲೇ ಪಕ್ಕದಲ್ಲಿ ಕವಲೊಡೆಯುವುದು.

ನಿಮ್ಮಲ್ಲಿ ಬಿತ್ತದೆ ಉಳಿದ ಬೀಜ ಒಂದೆರಡಾದರೂ ಇವೆಯೇ? ಸುಮ್ಮನೆ ಕೇಳಿದೆ.

ಸೊಸೆ

*

ಜನವರಿ ೪

ಮಗಳೇ,

ಉಳಿದಿಲ್ಲ. ಡಬ್ಬಿ ಕೊಡವಿ ಬಿತ್ತಿದೆ. ಡಬ್ಬಿಯಲ್ಲೀಗ ಗಾಳಿಯಿದೆ, ಬೇಕಾದರೆ ಕಳಿಸುತ್ತೇನೆ. ದುರಾಸೆ ಬಿಡು, ಪಾಲು ಸಮವಾಗಿಯೇ ಆಗಿದೆ.

ಕುಡಿ ಚಿವುಟಿದೆ. ಪ್ರತಿಯೊಂದಕ್ಕೂ ಉಗುರು ತಾಗಿಸುವಾಗ ಕೈ ಹಿಂದೆ ಬರುತ್ತಿತ್ತು. ನೀನು ಬರೆದಂತೆಯೇ ಬದಿಯಲ್ಲಿ ಕವಲು ಬಂದಿವೆ. ಕುಡಿ ಚಿವುಟಿದರೆ ಬಳ್ಳಿಗೆ ಹೀಗೆ. ಮನೆಗೆ ಹಾಗಲ್ಲ ಎಂದು ಹೇಳಬೇಕೆನಿಸಿತು, ಪೋಸ್ಟ್‌ಮಾಸ್ಟರು ಬಿಟ್ಟರೆ ಕೇಳಲು ಯಾರೂ ಇರಲಿಲ್ಲ.

ಸಸಿ ನೆಟ್ಟು, ನೆಟ್ಟು ಕಟ್ಟಿದೆ. ಎರಡನೆಯದು ಅವನ ಬ್ಯಾಡ್ಮಿಂಟನ್ ನೆಟ್ಟು. ದಾರದಂಥ ಕೈ ಚಾಚಿ ಒಂದೊಂದೇ ಕಣ್ಣು ಹಿಡಿದು ಹತ್ತುತ್ತಿವೆ.

ಇನ್ನು ಸುದ್ದಿ. ನಿನ್ನೆ ನಿನ್ನ ಅತ್ತೆ ತಾನಾಗಿ ಬಾಯಿ ಬಿಟ್ಟಳು. "ಅವಳದ್ದು ಬಂತಂತಾ?" ಎಂದಳು. ನಿನ್ನದು ಎಂದು ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಇಷ್ಟು ತಿಂಗಳುಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ. ಬೇಗ ಉತ್ತರ ಬರೆ. ಅವಳಿಗೆ ಓದಿ ಹೇಳಬೇಕು.

ಮಾವ

*

ಜನವರಿ ೧೫

ಮಾವ,

ಬಂದಿವೆ ಎಂದು ಅತ್ತೆಗೆ ಹೇಳಿ. ಎಲ್ಲ ಬಂದಿವೆ. ಕುಡಿ ಚಿವುಟಿದ್ದೇನೆ, ಕವಲು ಒಡೆದಿವೆ. ಬಾಲ್ಕನಿಯ ಸರಳಿಗೆ ಬಲೆ ಕಟ್ಟಿದ್ದೇನೆ. ದಾರದಂಥ ಕೈ ಚಾಚಿ ಒಂದೊಂದೇ ಕಣ್ಣು ಹಿಡಿದು ಹತ್ತುತ್ತಿವೆ.

ಅತ್ತೆ ಇನ್ನೇನು ಕೇಳಿದರು?

ಸೊಸೆ

*

ಫೆಬ್ರವರಿ ೧೦

ಕಾಪಿ ಹೊಡೆಯುವ ವಿದ್ಯಾರ್ಥಿನಿಗೆ,

ನಿನ್ನ ಬಳ್ಳಿ ನನ್ನ ಬಳ್ಳಿಯ ಉತ್ತರಪತ್ರಿಕೆಯನ್ನು ಪದಕ್ಕೆ ಪದ ನಕಲು ಮಾಡುತ್ತಿದೆ. ಪರೀಕ್ಷಾ ಕೋಣೆಯಲ್ಲಾಗಿದ್ದರೆ ಎಬ್ಬಿಸಿ ಹೊರಗೆ ಕಳಿಸುತ್ತಿದ್ದೆ. ಒಂದೇ ತಾಯಿಬಳ್ಳಿಯ ಬೀಜವಲ್ಲವೇ ಎಂದು ಮಾಫಿ ಮಾಡಿದ್ದೇನೆ.

ಹೂ ಬಿಟ್ಟಿತು. ಬಿಳಿ, ನೇರಳೆ ಅಂಚು. ಕೊಯ್ದು, ನೀರಿನ ಲೋಟದಲ್ಲಿಟ್ಟು, ಅವಳ ಮಗ್ಗುಲಲ್ಲಿ ಇಟ್ಟು, ಏನೂ ಮಾತಾಡದೆ ಬಾಗಿಲಲ್ಲಿ ನಿಂತೆ. ನಾನು ಮಾತಾಡದೆ ನಿಂತದ್ದು ಎಂದರೆ ನಿನಗೇ ಗೊತ್ತು ಅದೆಂಥ ತಪಸ್ಸು. ಮೊದಲು ಮೂಗು ತಿರುಗಿತು, ಆಮೇಲೆ ಮುಖ. ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡು, "ಹೂ" ಅಂದಳು. ಈವರೆಗೆ ಎಲ್ಲದಕ್ಕೂ "ಹೂಂ" ಅನ್ನುತ್ತಿದ್ದವಳು. ಒಂದು ಸೊನ್ನೆ ಕಳೆದುಹೋದದ್ದಕ್ಕೆ ನಾನು ಇಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿಲ್ಲ. ಆಮೇಲೆ, "ಇನ್ನೊಂದಿದ್ರೆ ತನ್ನಿ" ಎಂದಳು.

ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಕಣ್ಣೀರು ಹಾಕಿದೆ ಎನ್ನು, ಮೇಷ್ಟರ ಮರ್ಯಾದೆ ಉಳಿಸಬೇಕಿದ್ದರೆ ಪಾತ್ರೆ ತೊಳೆದೆ ಎನ್ನು.

ಈಗ ಅವಳ ಕುರ್ಚಿ ಕಿಟಕಿಯ ಕಡೆಗಿದೆ.

ಮಾವ

*

ಫೆಬ್ರವರಿ ೨೪

ಮಾವ,

ನಿಮ್ಮ ಕಾಗದವನ್ನು ಕಾರ್ಖಾನೆಗೂ ಒಯ್ದಿದ್ದೆ. ಅದರ ಮೇಲೆಲ್ಲ ಬಿಳಿ ಕೆಸರಿನ ಬೆರಳಚ್ಚು ಬಿದ್ದಿವೆ.

ಒಂದು ಮಾತು. ಎಲ್ಲವನ್ನೂ ಕೊಯ್ಯಬೇಡಿ. ಚೆನ್ನಾಗಿ ಬಂದ ಒಂದು ಬಳ್ಳಿಯಲ್ಲಾದರೂ ಎರಡು ಹೂ ಹಾಗೇ ಇರಲಿ, ಕಾಯಿ ಕಟ್ಟಲಿ. ಮುಂದಿನ ಸಲಕ್ಕೆ ನಿಮ್ಮದೇ ಬೀಜ ಇದ್ದರೆ ಒಳ್ಳೆಯದಲ್ಲವೇ?

ಸೊಸೆ

*

ಮಾರ್ಚ್ ೮

ಮಗಳೇ,

ಗುರುವಿಗೆ ತಿರುಮಂತ್ರ. ಒಂದು ಕಾಯಿ ಕಟ್ಟಿದರೂ ಬಳ್ಳಿ ಕೂತುಬಿಡುತ್ತದೆ ಎಂದು ಬರೆದವಳು ನೀನೇ. ನಾನು ಆ ಸಾಲನ್ನು ದೇವರ ವಾಕ್ಯದ ಹಾಗೆ ಹಿಡಿದಿದ್ದೇನೆ, ಏಕೆಂದರೆ ಅದು ಅವನ ವಾಕ್ಯ. ಮೊನ್ನೆ ಎಲೆಯ ಮರೆಯಲ್ಲಿ ಒಂದು ಹೂ ನನ್ನ ಕಣ್ಣು ತಪ್ಪಿಸಿ ಎಳೆಗಾಯಿ ಆಗಿಬಿಟ್ಟಿತ್ತು. ಕಿತ್ತು ಗೋಡೆಯಾಚೆ ಎಸೆದೆ. ಆಮೇಲೆ ಉಳಿದ ಮೊಗ್ಗುಗಳನ್ನು ಎಣಿಸಿದೆ, ಬಳ್ಳಿಗೆ ಗೊತ್ತಾಗಿಬಿಟ್ಟಿತೋ ಏನೋ ಎಂದು.

ಇಲ್ಲಿಯ ಸ್ಥಿತಿ ನೀನು ನೋಡಬೇಕು. ಬೆಳಿಗ್ಗೆ ಎದ್ದರೆ "ಎಷ್ಟು ಬಿಟ್ಟಿದೆ?" ಎಂದೇ ಮಾತು ಶುರು. ಲೋಟ ತುಂಬಿ ಚೊಂಬಿಗೆ ಬಂತು, ಚೊಂಬು ತುಂಬಿ ಬಕೆಟ್ಟಿಗೆ ಬಂತು. ಸ್ನಾನಕ್ಕೆ ನಾನೀಗ ಡಬ್ಬಿ ಹುಡುಕುತ್ತೇನೆ. ಒಂದು ಹೂ ಬಳ್ಳಿಯಲ್ಲಿ ಉಳಿದರೂ ಕಿಟಕಿಯಿಂದಲೇ, "ರೀ, ಅಲ್ಲೊಂದು ಬಿಟ್ರಿ" ಎಂದು ಬೆರಳು ತೋರಿಸುತ್ತಾಳೆ. ಇಂಥವಳ ಎದುರು ಹೂ ನಿಲ್ಲಿಸುವ ಪ್ರಯೋಗಕ್ಕೆ ನಾನು ಕೈ ಹಾಕಲಾರೆ.

ಆದ್ದರಿಂದ ಹೀಗೆ ಭಾಗ ಮಾಡಿಕೊಳ್ಳೋಣ: ಹೂ ನನ್ನದು, ಕಾಯಿ ನಿನ್ನದು. ಕಾಯಿ ಕಾಯುವ ತಾಳ್ಮೆ ನಿನಗಿದೆ. ನಿನ್ನ ಬೀಜದಲ್ಲಿ ಒಂದು ಹಿಡಿ ನಮಗೆ ಕೊಟ್ಟರಾಯಿತು.

ಮಾವ

*

ಮಾರ್ಚ್ ೨೯

ಮಾವ,

ನನ್ನದರಲ್ಲಿ ಅಂಚು ಅಷ್ಟು ಚೆನ್ನಾಗಿ ಬಂದಿಲ್ಲ. ನಿಮ್ಮದೇ ನಿಜವಾದ ಜಾತಿ.

ಒಂದು ಕಾಯಿ ಬಿಡಿ. ಒಂದೇ. ಯಾಕೆಂದು ಕೇಳಬೇಡಿ, ನಾನು ಹೀಗೆ ಬೇಡಿದ್ದು ಎಂದಾದರೂ ಉಂಟೇ?

ಸೊಸೆ

*

ಏಪ್ರಿಲ್ ೧೬

ಮಗಳೇ,

ನಿನ್ನ ಕಾಗದ ಬರುವ ಹೊತ್ತಿಗೆ ಇಲ್ಲಿ ಬಿಸಿಲು ಏರಿ ಬಳ್ಳಿಗಳು ಬುಡದಿಂದ ಹಳದಿಯಾಗುತ್ತಿದ್ದವು. ತುದಿಯಲ್ಲಿ ಒಂದೇ ಗೊಂಚಲು ಇತ್ತು. ಹೆಣ್ಣುಮಗಳು ಇಷ್ಟು ಹೇಳುತ್ತಿದ್ದಾಳೆ, ನೆನಪಿಗೆ ಒಂದಿರಲಿ ಎಂದೇನೋ ಎಂದುಕೊಂಡು ಅದನ್ನು ಕೊಯ್ಯದೆ ಬಿಟ್ಟೆ.

ಆಮೇಲೆ ಆದದ್ದು ಕೇಳು. ಹಿಂದಿನ ಬಾಗಿಲ ಸದ್ದಾಯಿತು. ನಿನ್ನ ಅತ್ತೆ, ಅವನು ಹೋದ ಮೇಲೆ ಹೊಸ್ತಿಲು ದಾಟದವಳು, ಹೊಲಿಗೆಯ ಕತ್ತರಿ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಕಾಲಿಗೆ ನನ್ನ ಚಪ್ಪಲಿ ಸಿಕ್ಕಿಸಿಕೊಂಡಿದ್ದಳು. ನೆಟ್ಟಿನ ಹತ್ತಿರ ಹೋಗಿ, ಬೆರಳಿನಿಂದ ದಾರ ಸವರಿ, ಮುಂಗಾಲಲ್ಲಿ ನಿಂತು ಆ ಗೊಂಚಲನ್ನು ಕತ್ತರಿಸಿದಳು. ಅವಳನ್ನು ತಡೆಯುವುದೇ? ಬೀಜ ನಿನ್ನಲ್ಲಿ ಇದೆಯಲ್ಲ, ಸಾಕು ಎಂದುಕೊಂಡೆ. "ಮುಂದಿನ ಸಲ ಆ ಗೋಡೆಗೂ ಹಬ್ಬಿಸೋಣ" ಎಂದಳು. ಮುಂದಿನ ಸಲ! ಆ ಎರಡು ಪದಕ್ಕೆ ಬಳ್ಳಿಯೇನು, ಮನೆಯನ್ನೇ ಬರೆದುಕೊಡುತ್ತಿದ್ದೆ.

ಒಣಗಿದ ಬಳ್ಳಿ ಕಿತ್ತು ನೆಲ ಹದಮಾಡಿದ್ದೇವೆ. ಇಬ್ಬರೂ ಸೇರಿ. ಜುಲೈ ಮೊದಲ ವಾರಕ್ಕೆ ಅವನು ಹೋಗಿ ವರ್ಷವಾಗುತ್ತದೆ. ಆ ದಿನ ನೀನು ಬೀಜ ತೆಗೆದುಕೊಂಡು ಬರಬೇಕೆಂದು ಅಪ್ಪಣೆಯಾಗಿದೆ. ಅಪ್ಪಣೆ ಅತ್ತೆಯದು, ಅಂಚೆಯಷ್ಟೇ ನನ್ನದು.

ಮಾವ

*

ಮೇ ೨

ಮಾವ,

ನನ್ನ ಹತ್ತಿರ ಬೀಜ ಇಲ್ಲ. ಬಳ್ಳಿ ಇಲ್ಲ. ಯಾವತ್ತೂ ಇರಲಿಲ್ಲ.

ಸಿಪ್ಪೆಗೆ ಒಂದು ಗೀರು ಸಾಕಾಗಿತ್ತು. ನಾನು ಗಾಜಿಗೆ ಮಾಡುವ ಹಾಗೆ ಎರಡೂ ಬದಿ ಸಮ ಮಾಡಿದೆ, ಹೊಳಪು ಬರುವವರೆಗೆ ಉಜ್ಜಿದೆ. ನನ್ನ ಕೈಗೆ ಗೊತ್ತಿರುವ ಕೆಲಸ ಅದೊಂದೇ. ಒಳಗಿನ ಮೊಳಕೆಯನ್ನೇ ಉಜ್ಜಿಬಿಟ್ಟಿದ್ದೆ. ಒದ್ದೆ ಮಣ್ಣಿಗೆ ಹಾಕಿದ ಒಂದು ವಾರಕ್ಕೆ ಮೆತ್ತಗಾಗಿ ನಾತ ಬಂತು. ಒಂದೂ ಉಳಿಯಲಿಲ್ಲ.

ನಿಮಗೆ ಬರೆಯಬೇಕೆಂದು ಕೂತೆ. ಅಷ್ಟರಲ್ಲಿ ಅತ್ತೆ ಕೇಳಿದರು ಎಂದು ನಿಮ್ಮ ಕಾಗದ ಬಂತು. ಅವರ ಮೊದಲ ಪ್ರಶ್ನೆಗೆ "ಇಲ್ಲ" ಎಂದು ಹೇಗೆ ಬರೆಯಲಿ? ಆಮೇಲೆ ನಿಮ್ಮ ಕಾಗದ ನೋಡಿಕೊಂಡೇ ನನ್ನ ಬಳ್ಳಿ ಬೆಳೆಸಿದೆ. ನೀವು ಕಾಪಿ ಎಂದಾಗ ಗೊತ್ತಾಗಿಹೋಯಿತು ಎಂದು ಹೆದರಿದೆ. ಗೊತ್ತಾಗಿಬಿಡಲಿ ಎಂದೂ ಅನಿಸಿತು.

ಮಾರ್ಚಿನಲ್ಲಿ ಫೋನ್ ಮಾಡಿದ್ದೆ. ಅತ್ತೆ ಎತ್ತಿದರು. "ನಿನ್ನಲ್ಲಿ ಇವತ್ತು ಎಷ್ಟು ಬಿಟ್ಟಿದೆಯೇ?" ಎಂದರು. "ತುಂಬಾ ಅತ್ತೆ" ಎಂದೆ. ಫೋನನ್ನು ನಿಮಗೆ ಕೊಡಿ ಎಂದು ಅವರಿಗೆ ಹೇಳಲಿಲ್ಲ.

ಬೈದಾದರೂ ಒಂದು ಸಾಲು ಬರೆಯಿರಿ.

*

ಜೂನ್ ೬

ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಏನೋ ಒಂದು ಚೇಷ್ಟೆಯ ಮಾತು ಬರುತ್ತಿತ್ತು. ಹೊಡೆದುಹಾಕಿ ಏಳುತ್ತಿದ್ದೆ.

ಸಿಟ್ಟು ಬರಲಿಲ್ಲ ಎಂದರೆ ನಾನೂ ಸುಳ್ಳು ಹೇಳಿದಂತೆ. ಬಂತು. ಯಾರ ಮೇಲೆ ಎಂದು ಹುಡುಕಿದೆ. ನಿನ್ನ ಮೇಲೆ ಎಂದರೆ, ಎಳೆಗಾಯಿ ಕಿತ್ತೆಸೆದ ಕೈ ನನ್ನದು. ನನ್ನ ಮೇಲೆ ಎಂದರೆ, ಕೊನೆಯ ಗೊಂಚಲಿಗೆ ತಾಗಿದ ಕತ್ತರಿ ಅವಳದ್ದು. ಅಲ್ಲಿಗೆ ಹುಡುಕುವುದನ್ನು ನಿಲ್ಲಿಸಿದೆ. ಪೋಸ್ಟ್‌ಮಾಸ್ಟರರ ಅಂಗಳದಲ್ಲಿ ಆ ಕಾಯಿಗಾಗಿ ಕೈಕಾಲೂರಿ ತಡಕಿದೆ. ಕನ್ನಡಕ ಬಿದ್ದಿತೇ ಎಂದು ಅವರು ಕೇಳಿದರು. ಹೌದು ಎಂದೆ, ಅವರೂ ಪಾಪ ಬಗ್ಗಿ ಹುಡುಕಿದರು, ನನ್ನ ಮೂಗಿನ ಮೇಲೆ ಇರುವುದನ್ನು ನೋಡಿದ ಮೇಲೂ ಹುಡುಕುತ್ತಲೇ ಇದ್ದರು. ಸಿಕ್ಕಿದ್ದರೂ ಎಳಸು, ಮೊಳೆಯುತ್ತಿರಲಿಲ್ಲ.

ಅಂಗಡಿಯ ಬೀಜ ತಂದು ಇದೇ ಅದು ಎನ್ನೋಣವೆಂದರೆ, ಆ ಹೂವಿಗೆ ಬಣ್ಣವುಂಟು, ಆ ವಾಸನೆಯಿಲ್ಲ. ಅವಳು ನೋಡುವುದೇ ಮೂಗಿನಿಂದ.

ಅವಳಿಗೆ ನಾನು ಹೇಳಿಲ್ಲ. ಹೇಳಲಾರೆ. ಮಗನನ್ನು ಇನ್ನೊಂದು ಸಲ ಮೆಟ್ಟಿಲಿನಿಂದ ಎತ್ತಿ ತರಲು ನನ್ನ ತೋಳಲ್ಲಿ ಶಕ್ತಿಯಿಲ್ಲ. ನೀನೂ ಹೇಳಬೇಡ. ನೀನೇ ಅವಳಿಗೊಂದು ಕಾಗದ ಬರೆ, ನಿನ್ನ ಬಳ್ಳಿಯ ವಿಷಯ. ಈ ಸಲ ನನ್ನದನ್ನು ನೋಡಿ ಬರೆಯಬೇಡ. ನನ್ನ ಹತ್ತಿರವೂ ಇಲ್ಲ.

ಇನ್ನೊಂದು ಮಾತು, ಬರೆಯಲು ಕೈ ಬರುತ್ತಿಲ್ಲ. ಜುಲೈಗೆ ಬರಬೇಡಮ್ಮ. ಬಂದರೆ ಅವಳು ಮೊದಲು ನಿನ್ನ ಕೈ ನೋಡುತ್ತಾಳೆ.

ಮಾವ

*

ಜೂನ್ ೧೯

ಅತ್ತೆ,

ನನ್ನ ಬಳ್ಳಿಯ ವಿಷಯ ದಿನಾ ಕೇಳುತ್ತೀರಂತೆ, ಮಾವ ಬರೆದಿದ್ದರು. ಚೆನ್ನಾಗಿದೆ. ಇಲ್ಲಿ ಇನ್ನೂ ತಂಪು ಹವೆ, ಹೂ ನಿಂತಿಲ್ಲ. ಬಾಲ್ಕನಿಯ ಸರಳು ಮುಗಿಸಿ ಈಗ ಮೇಲಿನ ಮನೆಯವರ ಬಟ್ಟೆಯ ಹಗ್ಗಕ್ಕೆ ಕೈ ಹಾಕಿದೆ. ಆ ಹೆಂಗಸು ಮೊದಲು ಬೈದರು. ಈಗ ತಾವೇ ಆ ಹಗ್ಗ ಬಿಟ್ಟುಕೊಟ್ಟು ಬಟ್ಟೆಯನ್ನು ಕಿಟಕಿಗೆ ಒಣಹಾಕುತ್ತಾರೆ. ಸಂಜೆ ಕೆಲಸದಿಂದ ಬರುವಾಗ ಮೆಟ್ಟಿಲ ಕೆಳಗೇ ವಾಸನೆ ಸಿಗುತ್ತದೆ, ಯಾರೋ ಮನೆಯಲ್ಲಿ ಇದ್ದಾರೆ ಎನ್ನುವ ಹಾಗೆ.

ಅಂಚಿನ ನೇರಳೆ ಬೆಳಿಗ್ಗೆ ಒಂದು ಥರ, ಸಂಜೆಗೆ ಸ್ವಲ್ಪ ನೀಲಿಗೆ ತಿರುಗುತ್ತದೆ. ನಿಮ್ಮದರಲ್ಲೂ ಹಾಗೇ ಇತ್ತಾ? ಇವರು ಇದ್ದಾಗ ನಾನು ಅದನ್ನು ಗಮನಿಸಿರಲಿಲ್ಲ.

ಕಾಯಿಯೂ ಕಟ್ಟಿದೆ. ಇನ್ನೂ ಹಸಿರಾಗಿದೆ, ಒಣಗುವ ತನಕ ಮುಟ್ಟುವ ಹಾಗಿಲ್ಲ.

ವರ್ಷದ ದಿನಕ್ಕೆ ಬಾ ಎಂದಿದ್ದೀರಿ. ಬರಬೇಕು, ನಿಮ್ಮ ಪಕ್ಕ ಒಂದು ದಿನ ಸುಮ್ಮನೆ ಕೂರಬೇಕು ಅಂತ ಬಹಳ ಇತ್ತು. ಆದರೆ ಮಣ್ಣು ಬೇಗ ಒಣಗುತ್ತದೆ ಅತ್ತೆ, ನಾನಿಲ್ಲದಿದ್ದರೆ ನೀರು ಹಾಕುವವರು ಯಾರೂ ಇಲ್ಲ. ಇಷ್ಟು ದಿನ ಸಾಕಿದ್ದೇನೆ. ಅದೊಂದನ್ನೇ ಬಿಟ್ಟು ಹೇಗೆ ಬರಲಿ?

ನಿಮ್ಮ ಸೊಸೆ